ತಾತನ ಹೆರಾಲ್ಡ್, ಮೊಮ್ಮಗಳ ಜಿಟಿಐ: ಸ್ಪೋರ್ಟ್ಸ್ ಕಾರಿನ ಒಲವನ್ನು ತಲೆಮಾರುಗಳ ನಡುವೆ ಹಂಚಿಕೊಳ್ಳುವ ಬಗೆ

ಬೆಂಗಳೂರಿನ ಅನೇಕ ಮನೆಗಳಲ್ಲಿ ಕಾರಿನ ಹುಚ್ಚು ಮೂರು ತಲೆಮಾರಿಗೂ ಹತ್ತಿರುತ್ತದೆ, ಆದರೆ ಒಬ್ಬರ ಹುಚ್ಚು ಇನ್ನೊಬ್ಬರಿಗೆ ಅರ್ಥವಾಗಿರುವುದಿಲ್ಲ. ಚೋಕ್ ಎಳೆದು, ಎಂಜಿನ್ ಬಿಸಿಯಾಗುವವರೆಗೆ ಕಾದು ಹೊರಡುತ್ತಿದ್ದ ತಾತನಿಗೆ, ಗುಂಡಿ ಒತ್ತಿದರೆ ಸಾಕು ಎನ್ನುವ ಗಾಡಿಯಲ್ಲಿ ಓಡಿಸುವವರಿಗೆ ಉಳಿದ ಕೆಲಸವೇನು ಎಂಬ ಅನುಮಾನ. ಮೂರು ಸೆಕೆಂಡು ಚಿಲ್ಲರೆಯಲ್ಲಿ ನೂರು ಕಿಲೋಮೀಟರ್ ವೇಗ ಮುಟ್ಟುವ ಕಾರುಗಳ ವಿಡಿಯೊ ನೋಡಿ ಬೆಳೆದ ಮೊಮ್ಮಗಳಿಗೆ, ಅರವತ್ತು ದಾಟಿದರೆ ಬಾಗಿಲು ನಡುಗುವ ಹಳೆಯ ಗಾಡಿಯಲ್ಲಿ ಏನು ಸುಖವಿದೆ ಎಂಬ ಪ್ರಶ್ನೆ. ನಡುವೆ ನಿಂತ ಅಪ್ಪನಿಗೆ ಎರಡೂ ಕಡೆಯಿಂದ ಉಪದೇಶ. ಈ ಒಲವನ್ನು ಮಾತಿನಿಂದ ದಾಟಿಸಲು ಹೊರಟರೆ ಅದು ವಾದವಾಗಿ ಮುಗಿಯುತ್ತದೆ. ಕೈಗೆ ಕೆಲಸ ಕೊಟ್ಟರೆ, ಅದರಲ್ಲೂ ಕಿರಿಯರು ಹಿರಿಯರಿಗೆ ಕಲಿಸಬೇಕಾದ ಕೆಲಸವೂ ಸೇರಿದ್ದರೆ, ತಾನಾಗಿ ದಾಟುತ್ತದೆ ಎಂಬುದು ನನ್ನ ಅಭಿಪ್ರಾಯ. ಮುಂದಿನ ಸೂಚನೆಗಳೆಲ್ಲ ಈ ಒಂದು ನಂಬಿಕೆಯ ಮೇಲೆ ನಿಂತಿವೆ.

ಮೊದಲು ಮನಸೋತ ಕಾರು ಯಾವುದು ಎಂದು ಕೇಳಿ

ಯಾವ ಕಾರು ಶ್ರೇಷ್ಠ ಎಂದು ಕೇಳುವುದನ್ನು ಬಿಟ್ಟು, ಮನೆಯ ಪ್ರತಿಯೊಬ್ಬರೂ ಮೊದಲು ಮನಸೋತ ಕಾರು ಯಾವುದು, ಅದನ್ನು ಎಲ್ಲಿ ಕಂಡರು ಎಂದು ಕೇಳಿ. ಉತ್ತರಗಳ ಹಿಂದೆ ದೇಶದ ಚರಿತ್ರೆಯೇ ಇರುತ್ತದೆ. 1950ರ ದಶಕದಿಂದ 80ರ ದಶಕದವರೆಗೆ ವಿದೇಶಿ ಕಾರುಗಳ ಆಮದಿಗೆ ಬಿಗಿಯಾದ ನಿರ್ಬಂಧವಿತ್ತು. ಕೊಳ್ಳಲು ಸಿಗುತ್ತಿದ್ದುದು ಬಹುಮಟ್ಟಿಗೆ ಅಂಬಾಸಡರ್, ಫಿಯೆಟ್ ಮತ್ತು ಸ್ಟ್ಯಾಂಡರ್ಡ್ ಮಾತ್ರ. 1961ರಲ್ಲಿ ಜಿನೀವಾದಲ್ಲಿ ಅನಾವರಣಗೊಂಡ ಜಾಗ್ವಾರ್ ಇ-ಟೈಪ್, 1963ರಲ್ಲಿ ಕಾಣಿಸಿಕೊಂಡ ಪೋರ್ಷೆ 911 ಮುಂತಾದವು ನಮ್ಮ ಹಿರಿಯರ ಪಾಲಿಗೆ ಪತ್ರಿಕೆಯ ಚಿತ್ರಗಳಾಗಿದ್ದವು. ಆದ್ದರಿಂದ ಅವರು ಇದ್ದ ಫಿಯೆಟ್ 1100 ಮತ್ತು ಸ್ಟ್ಯಾಂಡರ್ಡ್ ಹೆರಾಲ್ಡುಗಳನ್ನೇ ಹಗುರ ಮಾಡಿ, ಪೆಟ್ರೋಲು ಗಾಳಿಗಳನ್ನು ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಬದಲಿಸಿ, ಮದ್ರಾಸಿನ ಉತ್ತರಕ್ಕಿರುವ ಶೋಲಾವರಂನ ಹಳೆಯ ವಿಮಾನ ಪಟ್ಟಿಯ ಮೇಲೆ ಓಡಿಸಿದರು. ಆ ತಲೆಮಾರಿನವರ ಸ್ಪೋರ್ಟ್ಸ್ ಕಾರು ಗ್ಯಾರೇಜಿನಲ್ಲಿ ತಯಾರಾದದ್ದು, ಷೋರೂಮಿನಿಂದ ಬಂದದ್ದಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಬೆಳೆದವರ ಅಳತೆಗೋಲು ಬೇರೆ. ಅವರು ಝೆನ್, ಎಸ್ಟೀಮ್, ಪ್ಯಾಲಿಯೊ 1.6, ಹೋಂಡಾ ಸಿಟಿ ವಿಟೆಕ್, ಆಕ್ಟೇವಿಯಾ ಆರ್‌ಎಸ್‌ಗಳ ಪಿಕಪ್ಪನ್ನು ಹೋಲಿಸುತ್ತಾ ಪ್ರಾಯಕ್ಕೆ ಬಂದವರು. ಹೊರಗೆ ಸಾಧಾರಣವಾಗಿ ಕಾಣುವ ಗಾಡಿಯಲ್ಲಿ ಬಲವಾದ ಎಂಜಿನ್ ಇರುವುದೇ ಅವರಿಗೆ ಸೊಗಸು. ಇಂದಿನ ಮಕ್ಕಳು ಫೆರಾರಿ, ಲ್ಯಾಂಬೊರ್ಗಿನಿಗಳನ್ನು ಫೋನಿನಲ್ಲಿ ದಿನವೂ ನೋಡುತ್ತಾರೆ, ವಿಠಲ್ ಮಲ್ಯ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ನಿಂತರೆ ಕಣ್ಣಾರೆಯೂ ಕಾಣುತ್ತಾರೆ. ಈ ಮೂರು ಉತ್ತರಗಳನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಯಾವ ಕಾರಿನ ಬಗ್ಗೆ ಓದಬೇಕು, ಯಾವುದನ್ನು ನೋಡಲು ಹೋಗಬೇಕು ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ಮನೆಯ ಕಾರಿಗೆ ವಂಶವೃಕ್ಷ ಬರೆಯಿರಿ

ಮನೆಯಲ್ಲಿ ಇರುವ ಅಥವಾ ಹಿಂದೆ ಇದ್ದ ಸಾಧಾರಣ ಕಾರಿಗೆ ಯಾವ ಸ್ಪೋರ್ಟ್ಸ್ ಕಾರಿನೊಡನೆ ರಕ್ತಸಂಬಂಧವಿದೆ ಎಂದು ಹುಡುಕುವುದು ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ಕೆಲಸ, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಮೂಲತಃ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. ಅದರ ರೂಪ ಇಟಲಿಯ ವಿನ್ಯಾಸಕಾರ ಜೊವಾನ್ನಿ ಮಿಕೆಲೊತ್ತಿಯದು. ಅದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ, ಅದೇ ಮಿಕೆಲೊತ್ತಿ ಬರೆದ ಬೇರೆ ಮೈಯನ್ನು ತೊಡಿಸಿ 1962ರಲ್ಲಿ ಹೊರತಂದದ್ದೇ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ತಾತ ಆಫೀಸಿಗೆ ಓಡಿಸಿದ ಗಾಡಿ ಸ್ಪಿಟ್‌ಫೈರಿನ ಅಣ್ಣ ಎಂದು ತಿಳಿದಾಗ ಮೊಮ್ಮಕ್ಕಳು ಅದನ್ನು ನೋಡುವ ರೀತಿಯೇ ಬದಲಾಗುತ್ತದೆ.

ಇಂಥ ನಂಟು ಇನ್ನೂ ಇದೆ. 1985ರಲ್ಲಿ ಬಂದ ಪ್ರೀಮಿಯರ್ 118 ಎನ್ಇ ಕಾರಿನ ಮೈ ಫಿಯೆಟ್ 124ರದು, ಎಂಜಿನ್ ನಿಸ್ಸಾನಿನದು. ಆ ಫಿಯೆಟ್ 124ರ ತಳದ ಮೇಲೆಯೇ 1966ರ 124 ಸ್ಪೋರ್ಟ್ ಸ್ಪೈಡರ್ ರೂಪುಗೊಂಡಿತ್ತು. ಮನೆಯಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಇದ್ದರೆ ಅದರ ಜಿಟಿ ಹೆಸರಿನಿಂದ ಹಿಂದಕ್ಕೆ ಹೋಗಿ 1976ರ ಮೊದಲ ಗಾಲ್ಫ್ ಜಿಟಿಐ ಎಂಬ ಚುರುಕಿನ ಕಾರಿನವರೆಗೆ ಗೆರೆ ಎಳೆಯಬಹುದು. ಆ ಗಾಲ್ಫ್ ಜಿಟಿಐಯ ಈಗಿನ ರೂಪ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದದ್ದು 2025ರಲ್ಲಿ. ಎಂಜಿ ಬ್ಯಾಡ್ಜಿನ ಕಥೆ ಇನ್ನೂ ವಿಚಿತ್ರ: 1962ರ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನಲ್ಲಿ 1798 ಸಿಸಿ ಎಂಜಿನ್, 95 ಅಶ್ವಶಕ್ತಿ, ಅದೇ ಬ್ಯಾಡ್ಜು ಹೊತ್ತು 2025ರಲ್ಲಿ ಇಲ್ಲಿಗೆ ಬಂದ ಸೈಬರ್‌ಸ್ಟರಿನಲ್ಲಿ ಎಂಜಿನ್ನೇ ಇಲ್ಲ, ಎರಡು ವಿದ್ಯುತ್ ಮೋಟಾರುಗಳಿಂದ ಐನೂರಕ್ಕೂ ಹೆಚ್ಚು ಅಶ್ವಶಕ್ತಿ. ಇದನ್ನು ಮುಂದುವರಿಕೆ ಎನ್ನಬೇಕೋ ಬರೀ ಹೆಸರಿನ ಮಾರಾಟ ಎನ್ನಬೇಕೋ ಎಂಬ ಚರ್ಚೆಗೆ ಒಂದು ಸಂಜೆ ಸಾಲದು. ಸೈಬರ್‌ಸ್ಟರನ್ನು ನೋಡುವ ಮೊದಲೇ ತೀರ್ಪು ಕೊಡುವ ಹಿರಿಯರನ್ನು ಒಮ್ಮೆ ಷೋರೂಮಿಗೆ ಕರೆದೊಯ್ದು ಕೂರಿಸಿ, ಆಮೇಲೆ ಅಭಿಪ್ರಾಯ ಕೇಳಿ.

ಬಾನೆಟ್ ತೆರೆದು ಒಂದೇ ಪ್ರಶ್ನೆಯನ್ನು ಎರಡು ಬಗೆಯಲ್ಲಿ ಕೇಳಿ

ನನ್ನ ದೃಷ್ಟಿಯಲ್ಲಿ ಈ ಇಡೀ ಕೆಲಸದ ತಿರುಳು ಇಲ್ಲಿದೆ. ಹಳೆಯ ಕಾರು ಹೊಸ ಕಾರು ಎರಡಕ್ಕೂ ಬೇಕಾದುದು ಸರಿಯಾದ ಪ್ರಮಾಣದ ಪೆಟ್ರೋಲು, ಗಾಳಿ ಮತ್ತು ಸರಿಯಾದ ಕ್ಷಣದ ಕಿಡಿ. ಅದು ಸರಿಯಿದೆಯೇ ಎಂದು ತಾತ ಕಣ್ಣು, ಕಿವಿ, ಮೂಗಿನಿಂದ ಕಂಡುಕೊಳ್ಳುತ್ತಿದ್ದರು. ಮೊಮ್ಮಗಳು ಫೋನಿನ ಪರದೆಯಲ್ಲಿ ಓದುತ್ತಾಳೆ. ಇಬ್ಬರಿಗೂ ಒಂದೇ ದಿನ, ಒಂದೇ ಅಂಗಳದಲ್ಲಿ ಅದೇ ಪ್ರಶ್ನೆಯನ್ನು ಕೊಡಿ.

ಹಳೆಯ ಕಾರನ್ನು ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ತಂದು, ಎಂಜಿನ್ ತಣ್ಣಗಾದ ಮೇಲೆ ಪ್ಲಗ್ ಸ್ಪ್ಯಾನರಿನಿಂದ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಬಂದ ಕ್ರಮದಲ್ಲೇ ಹಳೆಯ ದಿನಪತ್ರಿಕೆಯ ಮೇಲೆ ಜೋಡಿಸಿ. ತುದಿಯ ಪಿಂಗಾಣಿ ತಿಳಿ ಕಂದು ಬಣ್ಣದಲ್ಲಿದ್ದರೆ ಮಿಶ್ರಣ ಸರಿಯಾಗಿದೆ. ಒಣ ಮಸಿ ಹಿಡಿದು ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಕಡಿಮೆ. ಎಣ್ಣೆಯ ಹಸಿ ಪಸೆ ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವಿನ ಕಡೆಯಿಂದ ಆಯಿಲ್ ಬರುತ್ತಿದೆ, ಎಂಜಿನ್ ಬೋರಿಗೆ ಬರುವ, ಎಂದರೆ ಸವೆದ ಸಿಲಿಂಡರನ್ನು ಮತ್ತೆ ಕೊರೆಸಬೇಕಾಗುವ ಸೂಚನೆಯೂ ಇರಬಹುದು. ಬಣ್ಣ ಓದುವುದನ್ನು ಹಿರಿಯರು ಕಲಿಸಲಿ, ಮಕ್ಕಳು ಪ್ರತಿ ಪ್ಲಗ್ಗಿನ ಫೋಟೊ ತೆಗೆದು ದಿನಾಂಕದೊಡನೆ ಇಟ್ಟುಕೊಳ್ಳಲಿ.

ನಂತರ ಹೊಸ ಕಾರಿನ ಸರದಿ. ಸ್ಟೇರಿಂಗಿನ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಎಂಜಿನ್ನಿನ ಸ್ಥಿತಿಯನ್ನು ಹೊರಗೆ ಓದಲು ಬಿಡುವ, ಹದಿನಾರು ಪಿನ್ನಿನ ಒಬಿಡಿ ಪೋರ್ಟ್ ಇರುತ್ತದೆ. ಅದಕ್ಕೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದರೆ ಫೋನಿನಲ್ಲಿ ಎಂಜಿನ್ನಿನ ಅಂಕಿಗಳು ಮೂಡುತ್ತವೆ. ಅದರಲ್ಲಿ ಫ್ಯೂಯಲ್ ಟ್ರಿಮ್ ಎಂಬ ಶೇಕಡಾವಾರು ಸಂಖ್ಯೆಯನ್ನು ಮೊಮ್ಮಗಳು ತಾತನಿಗೆ ತೋರಿಸಲಿ. ಅದು ಪ್ಲಸ್ ಕಡೆ ಇದ್ದರೆ ಗಣಕ ಹೆಚ್ಚುವರಿ ಪೆಟ್ರೋಲು ಸುರಿಯುತ್ತಿದೆ, ಮೈನಸ್ ಕಡೆ ಇದ್ದರೆ ಕಡಿಮೆ ಮಾಡುತ್ತಿದೆ. ಎರಡೂ ಕಡೆ ಹತ್ತರೊಳಗೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ತಾತ ವಾರಕ್ಕೊಮ್ಮೆ ಸ್ಕ್ರೂಡ್ರೈವರ್ ಹಿಡಿದು ಮಾಡುತ್ತಿದ್ದ ಟ್ಯೂನಿಂಗನ್ನು ಈ ಕಾರು ಓಡುತ್ತಲೇ, ಸೆಕೆಂಡಿಗೆ ಹಲವು ಸಲ ಮಾಡಿಕೊಳ್ಳುತ್ತಿದೆ ಎಂದು ಕಣ್ಣೆದುರು ಕಂಡಾಗ ಹೊಸ ಗಾಡಿಯ ಬಗೆಗಿನ ತಾತ್ಸಾರ ತಾನಾಗಿ ಕರಗುತ್ತದೆ. ಅತ್ತ ಮೊಮ್ಮಗಳಿಗೆ, ಇದೆಲ್ಲವನ್ನೂ ಒಂದು ಕಾಲದಲ್ಲಿ ಮನುಷ್ಯನ ಕೈಯೇ ಮಾಡುತ್ತಿತ್ತು ಎಂಬುದು ಗೊತ್ತಾಗುತ್ತದೆ.

ಬೆಂಗಳೂರು ಈ ಪಾಠಕ್ಕೆ ಒಳ್ಳೆಯ ಪ್ರಯೋಗಶಾಲೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಚೆನ್ನೈಗಿಂತ ಶೇ 8ರಿಂದ 9ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿನ ಬಲವೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ, ಕಾರ್ಬೊರೇಟರಿನ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ. 1478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ ಇದು ಇನ್ನೂ ಸ್ಪಷ್ಟ. ಟರ್ಬೊ ಇರುವ ಕಾರು ತೆಳುಗಾಳಿಯನ್ನು ಒತ್ತಿ ತುಂಬಿಕೊಳ್ಳುವುದರಿಂದ ಅಷ್ಟಾಗಿ ಬಳಲುವುದಿಲ್ಲ. ಎರಡೂ ಕಾರುಗಳನ್ನು ಒಂದೇ ಬೆಳಿಗ್ಗೆ ಬೆಟ್ಟ ಹತ್ತಿಸಿದರೆ ಟರ್ಬೊ ಏಕೆ ಬಂತು ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಈಗ ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಬಂಕುಗಳಲ್ಲಿ ಸಿಗುತ್ತಿರುವ, ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಮಿಶ್ರಣವನ್ನು ತೆಳುವಾಗಿಸುತ್ತದೆ, ಎಂದರೆ ಗಾಳಿಯ ಪಾಲು ಹೆಚ್ಚಾದಂತಾಗುತ್ತದೆ. ಎತ್ತರ ಅದನ್ನು ಗಟ್ಟಿ ಮಾಡುತ್ತದೆ. ಇವೆರಡು ಸ್ವಲ್ಪಮಟ್ಟಿಗೆ ಒಂದನ್ನೊಂದು ಕಳೆಯುವುದರಿಂದ ಹಳೆಯ ಕೈಪಿಡಿಯ ಜೆಟ್ ಸಂಖ್ಯೆಯನ್ನು (ಕಾರ್ಬೊರೇಟರಿನಲ್ಲಿ ಪೆಟ್ರೋಲು ಬಿಡುವ ರಂಧ್ರದ ಅಳತೆಯನ್ನು) ಕಣ್ಣುಮುಚ್ಚಿ ನಂಬದೆ, ಪ್ಲಗ್ಗಿನ ಬಣ್ಣವನ್ನೇ ಪ್ರಮಾಣವಾಗಿ ಇಟ್ಟುಕೊಳ್ಳುವುದು ಮೇಲು. ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನೂ ಕಾರ್ಕ್ ಗ್ಯಾಸ್ಕೆಟ್ಟುಗಳನ್ನೂ ಹಾಳುಮಾಡುತ್ತದೆ, ಗಾಳಿಯ ತೇವವನ್ನು ಹೀರಿಕೊಂಡು ಕಾರ್ಬೊರೇಟರಿನ ಪೆಟ್ರೋಲು ಬಟ್ಟಲಾದ ಫ್ಲೋಟ್ ಬೌಲಿನಲ್ಲಿ ತುಕ್ಕು ತರಿಸುತ್ತದೆ. ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವ ಬಗೆಯವಕ್ಕೆ ಬದಲಿಸಿ, ವಾರಕ್ಕೊಮ್ಮೆಯಾದರೂ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ. ದೇಶದಲ್ಲಿ ಸೀಸದ ಪೆಟ್ರೋಲು 2000ದಲ್ಲಿ ನಿಂತಿತು. ಅದಕ್ಕೂ ಹಿಂದಿನ ಎಂಜಿನ್ನುಗಳ ಮೆತ್ತನೆಯ ವಾಲ್ವ್ ಸೀಟುಗಳನ್ನು ಸೀಸ ಕಾಪಾಡುತ್ತಿತ್ತು. ಎಂಜಿನ್ ಇಳಿಸುವ ಸಂದರ್ಭ ಬಂದರೆ ಗಟ್ಟಿ ಸೀಟುಗಳನ್ನು ಹಾಕಿಸುವುದನ್ನು ಮರೆಯಬಾರದು.

ಚಿಕ್ಕ ಮಕ್ಕಳಿಗೆ ತೋರಿಸಲು ಹೆರಾಲ್ಡಿಗಿಂತ ಅನುಕೂಲದ ಕಾರಿಲ್ಲ. ಅದರ ಬಾನೆಟ್ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಬಾಗುತ್ತದೆ. ಇಡೀ ಎಂಜಿನ್, ಸ್ಟೇರಿಂಗ್, ಸಸ್ಪೆನ್ಷನ್ ಎಲ್ಲವೂ ತೆರೆದುಕೊಳ್ಳುತ್ತವೆ. ಅಂಥ ಕಾರು ಇಲ್ಲದವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಎಂಜಿನ್ ಹಾಲಿಗೆ ಹೋಗಬಹುದು, ಅಲ್ಲಿ ಯಂತ್ರಗಳ ಒಳಭಾಗ ಹೇಗೆ ಚಲಿಸುತ್ತದೆ ಎಂದು ನೋಡಲು ಸಿಗುತ್ತದೆ. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳಿರುವ ‘ಪಯಣ’ ಸಂಗ್ರಹಾಲಯವೂ ಒಂದು ದಿನದ ಪ್ರವಾಸಕ್ಕೆ ತಕ್ಕುದು.

ಬಿಡಿಭಾಗ ಹುಡುಕುವುದನ್ನು ಇಬ್ಬರಿಗೂ ಹಂಚಿ

ಬಿಡಿಭಾಗಗಳ ಬೇಟೆಯಲ್ಲಿ ಹಿರಿಯರಿಗೆ ಜೆ.ಸಿ. ರಸ್ತೆ, ಕಿರಿಯರಿಗೆ ಇಂಟರ್ನೆಟ್ ಎಂದು ಕೆಲಸ ಹಂಚಿದರೆ ಸೊಗಸಾಗಿ ನಡೆಯುತ್ತದೆ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹಳೆಯ ತುಂಡನ್ನು ಕೈಯಲ್ಲಿ ಹಿಡಿದು ಹೋಗಬೇಕು. ಹೆಸರು ಹೇಳಿದರೆ ಒಂದು ಕೊಟ್ಟಾರು, ತುಂಡು ತೋರಿಸಿದರೆ ಸರಿಯಾದುದು ಬರುತ್ತದೆ. ಒರಿಜಿನಲ್ ಯಾವುದು ಡೂಪ್ಲಿಕೇಟ್ ಯಾವುದು ಎಂಬುದನ್ನು ಎರಕದ ಗುರುತು, ತೂಕ, ಪ್ಯಾಕಿಂಗ್ ನೋಡಿ ಹೇಳುವ ಕಣ್ಣು ಪುಸ್ತಕದಿಂದ ಬರುವುದಿಲ್ಲವಾದ್ದರಿಂದ ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ. ಬಾಗಿಲಿನ ಹಿಡಿ, ದೀಪದ ರಿಂಗು, ಮೀಟರುಗಳಂಥವು ಶಿವಾಜಿನಗರದ ಗುಜರಿಯಲ್ಲಿ ಸಿಕ್ಕರೂ ಸಿಕ್ಕೀತು. ಪ್ರೀಮಿಯರ್ ಪದ್ಮಿನಿಯ ಭಾಗಗಳಿಗೆ ಮುಂಬೈ ಕಡೆ ವಿಚಾರಿಸಿ: ಕಾರ್ಖಾನೆ ಅಲ್ಲಿಯ ಕುರ್ಲಾದಲ್ಲಿತ್ತು, ಟ್ಯಾಕ್ಸಿಯಾಗಿ ಅದು ಆ ಊರಿನಲ್ಲಿ 2023ರವರೆಗೂ ಓಡಿತು. ಹೆರಾಲ್ಡಿನ ಅನೇಕ ಯಾಂತ್ರಿಕ ಭಾಗಗಳು ಸ್ಪಿಟ್‌ಫೈರಿಗೂ ಹೊಂದುವುದರಿಂದ ಇಂಗ್ಲೆಂಡಿನ ಅಂಗಡಿಗಳಿಂದ ತರಿಸಬಹುದು; ಆದರೆ ಕಸ್ಟಮ್ಸ್ ಸುಂಕ ಮತ್ತು ಸಾಗಣೆ ವೆಚ್ಚವನ್ನು ಮೊದಲೇ ಲೆಕ್ಕ ಹಾಕಬೇಕು. ಭಾಗದ ಸಂಖ್ಯೆ ಹುಡುಕಿ ಹೋಲಿಸುವ ಈ ಕೆಲಸವನ್ನು ಹದಿನಾಲ್ಕು ಹದಿನೈದರ ಹುಡುಗ ಹುಡುಗಿಯರು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.

ಓಡಿಸುವ ಪಾಠ ಎರಡೂ ಕಡೆಯಿಂದ

ಇಲ್ಲಿ ಕಾನೂನಿನ ಮಾತು ಮೊದಲು. ಹದಿನೆಂಟು ತುಂಬದವರ ಕೈಗೆ ರಸ್ತೆಯಲ್ಲಿ ಸ್ಟೇರಿಂಗ್ ಕೊಡಲೇಬಾರದು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ವಿಧಿಸಬಹುದು, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ, ಆ ಮಗುವಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ‘ನಮ್ಮ ಕಾಲದಲ್ಲಿ ಹದಿನಾಲ್ಕಕ್ಕೇ ಓಡಿಸುತ್ತಿದ್ದೆವು’ ಎಂಬ ಹಿರಿಯರ ಮಾತು ಕಥೆಯಾಗಿಯೇ ಉಳಿಯಲಿ. ಆ ವಯಸ್ಸಿನವರಿಗೆ ಗೋಕಾರ್ಟ್ ಇದೆ. ಅಲ್ಲಿ ಹಿಡಿತ, ಬ್ರೇಕ್ ಒತ್ತಬೇಕಾದ ಜಾಗ, ತಿರುವಿನ ಗೆರೆ ಎಲ್ಲವನ್ನೂ ಕಾನೂನುಬದ್ಧವಾಗಿ ಕಲಿಯಬಹುದು. ಈ ಊರಿನ ಅರ್ಜುನ್ ಮೈನಿ ಮತ್ತು ಕುಶ್ ಮೈನಿ ಸೋದರರು ಅಂತರರಾಷ್ಟ್ರೀಯ ರೇಸುಗಳಿಗೆ ಹೋದದ್ದೂ ಕಾರ್ಟಿಂಗಿನ ದಾರಿಯಿಂದಲೇ.

ಲೈಸೆನ್ಸ್ ಇರುವ ಕಿರಿಯರಿಗೆ ಹಳೆಯ ಕಾರನ್ನು ಪರಿಚಯದವರ ತೋಟದ ದಾರಿಯಲ್ಲೋ ಅನುಮತಿ ಪಡೆದ ಖಾಲಿ ಮೈದಾನದಲ್ಲೋ ಮೊದಲು ಕೊಡಿ. ಚೋಕ್ ಎಷ್ಟು ಎಳೆಯಬೇಕು, ಯಾವಾಗ ಒಳಗೆ ತಳ್ಳಬೇಕು ಎಂಬುದರಿಂದ ಆರಂಭಿಸಿ, ಪದ್ಮಿನಿಯಾದರೆ ಸ್ಟೇರಿಂಗಿನ ಪಕ್ಕದ ಹ್ಯಾಂಡ್ ಗೇರನ್ನು ಎಂಜಿನ್ ಆರಿಸಿಯೇ ಹತ್ತಾರು ಸಲ ಹಾಕಿ ತೆಗೆಸಿ. ಹೆರಾಲ್ಡ್, ಅಂಬಾಸಡರುಗಳಲ್ಲಿ ಫಸ್ಟ್ ಗೇರಿಗೆ, ಹಲ್ಲು ಕಚ್ಚದಂತೆ ಗೇರನ್ನು ಕೂರಿಸುವ ಸಿಂಕ್ರೊಮೆಶ್ ಇಲ್ಲದ ಕಾರಣ ಗಾಡಿ ಪೂರ್ತಿ ನಿಂತ ಮೇಲೆ ಮಾತ್ರ ಅದನ್ನು ಹಾಕಬೇಕು, ಇಲ್ಲವೇ ಎರಡು ಸಲ ಕ್ಲಚ್ ಒತ್ತುವುದನ್ನು ಕಲಿಯಬೇಕು. ಬ್ರೇಕಿನ ವಿಷಯವನ್ನು ಒತ್ತಿ ಹೇಳಿ: ನಾಲ್ಕೂ ಚಕ್ರಕ್ಕೆ ಡ್ರಮ್ ಇರುವ, ಎಬಿಎಸ್ ಇಲ್ಲದ ಕಾರು ನಿಲ್ಲಲು ಹೊಸ ಕಾರಿಗಿಂತ ಬಹಳ ದೂರ ತೆಗೆದುಕೊಳ್ಳುತ್ತದೆ, ಜೋರಾಗಿ ತುಳಿದರೆ ಚಕ್ರ ಕಚ್ಚಿಕೊಂಡು ಜಾರುತ್ತದೆ. ಮಳೆಯಲ್ಲಿ ಅಂಡರ್‌ಪಾಸಿನ ನೀರು ದಾಟಿದ ಮೇಲೆ ಡ್ರಮ್ ಒದ್ದೆಯಾಗಿ ಬ್ರೇಕ್ ಹಿಡಿಯುವುದೇ ಇಲ್ಲ, ಪೆಡಲನ್ನು ಹಗುರವಾಗಿ ಒತ್ತಿಕೊಂಡೇ ನಿಧಾನವಾಗಿ ಸಾಗಿ ಒಣಗಿಸಬೇಕು. ಹಿಂದಿನ ಸೀಟಿಗೆ ಬೆಲ್ಟೇ ಇಲ್ಲದ ಕಾರಿನಲ್ಲಿ ಪುಟ್ಟ ಮಕ್ಕಳನ್ನು ರಸ್ತೆಗೆ ಕರೆದೊಯ್ಯದಿರುವುದೇ ವಿವೇಕ. ಅವರು ಹೊಸ ಕಾರಿನಲ್ಲಿ, ಚೈಲ್ಡ್ ಸೀಟಿನಲ್ಲಿ ಹಿಂಬಾಲಿಸಲಿ.

ಇನ್ನು ಹಿರಿಯರಿಗೆ ಹೊಸ ಕಾರು ಕಲಿಸುವಾಗ ಎಡಗಾಲೇ ದೊಡ್ಡ ಅಪಾಯ. ಐವತ್ತು ವರ್ಷ ಕ್ಲಚ್ ತುಳಿದ ಕಾಲು, ಕ್ಲಚ್ ಪೆಡಲೇ ಇಲ್ಲದ ಡ್ಯುಯಲ್ ಕ್ಲಚ್ ಕಾರಿನಲ್ಲಿ ಅಗಲವಾದ ಬ್ರೇಕ್ ಪೆಡಲನ್ನು ತುಳಿದುಬಿಡುತ್ತದೆ, ಕಾರು ಗಕ್ಕನೆ ನಿಲ್ಲುತ್ತದೆ. ಎಡಗಾಲನ್ನು ಮಡಿಸಿ ಸೀಟಿನ ಬಳಿಗೆ ಎಳೆದುಕೊಂಡು ಕೂರುವಂತೆ ಹೇಳಿ, ಡ್ರೈವ್ ಮೋಡ್ ಮೆತ್ತನೆಯದರಲ್ಲಿ ಇರಲಿ. ಆಕ್ಸಿಲರೇಟರ್ ಮುಟ್ಟದಿದ್ದರೂ ಗಾಡಿ ತೆವಳುತ್ತದೆ ಎಂಬುದನ್ನೂ, ವಿದ್ಯುತ್ ಕಾರಾದರೆ ಕಾಲು ತೆಗೆದೊಡನೆ ಅದು ತಾನೇ ವೇಗ ಇಳಿಸುತ್ತದೆ ಎಂಬುದನ್ನೂ ಹೊರಡುವ ಮುನ್ನವೇ ತಿಳಿಸಿ. ತಗ್ಗಿನ ಸೀಟಿಗೆ ಮಂಡಿನೋವಿನವರು ಮೊದಲು ಬೆನ್ನು ಮಾಡಿ ಕುಳಿತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿಕೊಳ್ಳಬೇಕು. ಕಲಿಸುವ ಮೊಮ್ಮಗಳು ಪರದೆಯ ಎಲ್ಲ ಗುಂಡಿಗಳನ್ನೂ ಮೊದಲ ದಿನವೇ ವಿವರಿಸಲು ಹೋಗಬಾರದು. ತಾತನಿಗೆ ಬೇಕಾದುದು ಸ್ಟೇರಿಂಗಿನ ಭಾರ, ತಿರುವಿನಲ್ಲಿ ಗಾಡಿ ಹೇಗೆ ಕೂರುತ್ತದೆ ಎಂಬ ಅನುಭವ; ಪರದೆ ಕಾಯುತ್ತದೆ.

ಭಾನುವಾರದ ಸವಾರಿ

ಈ ನಗರದಲ್ಲಿ ಕಾರಿನ ಸುಖ ಇರುವುದು ಬೆಳಗಿನ ಎಂಟು ಗಂಟೆಯೊಳಗೆ ಎಂದು ತಿಳಿದುಕೊಂಡರೆ ಅರ್ಧ ಯೋಜನೆ ಮುಗಿದಂತೆ. ಐದೂವರೆಗೆ ಹೊರಟು, ಹಳೆಯ ಕಾರು ಮುಂದೆ, ಹೊಸದು ಹಿಂದೆ ಎಂಬ ಕ್ರಮದಲ್ಲಿ ಸಾಗಿ. ವೇಗವನ್ನು ಹಳೆಯದು ನಿರ್ಧರಿಸಲಿ. ಬಿಡದಿಯ ತಟ್ಟೆ ಇಡ್ಲಿ ಅಥವಾ ರಾಮನಗರದ ಜಾನಪದ ಲೋಕದವರೆಗಿನ ದೂರ ಹಳೆಯ ಗಾಡಿಗೆ ಹಿತವಾದುದು. ಮೈಸೂರು ಎಕ್ಸ್‌ಪ್ರೆಸ್‌ವೇಗಿಂತ ಪಕ್ಕದ ಸರ್ವೀಸ್ ರಸ್ತೆಯೇ ಅದಕ್ಕೆ ಲೇಸು, ಏಕೆಂದರೆ ನೂರರ ವೇಗದ ಹರಿವಿನಲ್ಲಿ ಅರವತ್ತರಲ್ಲಿ ಸಾಗುವ ಕಾರು ತನಗೂ ಇತರರಿಗೂ ತೊಂದರೆ. ದಾರಿಯಲ್ಲಿ ಒಂದು ಕಡೆ ನಿಂತು ಆಸನಗಳನ್ನು ಬದಲಿಸಿಕೊಳ್ಳಿ, ಹೋಗುವಾಗ ಹೆರಾಲ್ಡಿನಲ್ಲಿ ಕುಳಿತವರು ಬರುವಾಗ ಟರ್ಬೊದಲ್ಲಿ ಬರಲಿ.

ಮರಳುವಾಗ ಟ್ರಾಫಿಕ್ಕಿಗೆ ಸಿಕ್ಕರೆ ಹಳೆಯ ಕಾರಿನ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡುವ ಕೆಲಸವನ್ನು ಪಕ್ಕದಲ್ಲಿ ಕುಳಿತ ಮಗುವಿಗೆ ವಹಿಸಿ. ಬಿಸಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಎಂಜಿನ್ ಆರಿದರೆ, ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯುವುದು ಹಳೆಯ ಉಪಾಯ. ಈಗಲೂ ಕೆಲಸ ಮಾಡುತ್ತದೆ. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಬಿಸಿ ಇರುವಾಗ ಯಾರೂ ಮುಟ್ಟಬಾರದು. ಹೆಚ್ಚು ಜನರ ಜೊತೆ ಬೇಕೆಂದರೆ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ಬಿನಂಥ ಸಂಘಗಳ ರ‍್ಯಾಲಿಗಳಿಗೆ ಹೋಗಿ, ಅಲ್ಲಿ ಮಾಲೀಕರಿಗಿಂತ ಹೆಚ್ಚು ತಿಳಿದಿರುವ ಮೆಕ್ಯಾನಿಕ್‌ಗಳನ್ನು ಮಾತನಾಡಿಸಿ.

ನಿಜವಾದ ವೇಗ ನೋಡಬೇಕು ಎಂಬ ಆಸೆಗೆ ಸಾರ್ವಜನಿಕ ರಸ್ತೆ ಸ್ಥಳವಲ್ಲ. ಮೋಟಾರು ವಾಹನ ಕಾಯ್ದೆಯ 189ನೆಯ ಕಲಮು ರಸ್ತೆಯ ರೇಸನ್ನು ಅಪರಾಧವಾಗಿಸಿದೆ. ಚೆನ್ನೈ ಹೆದ್ದಾರಿಯಲ್ಲಿ, ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ 1990ರಲ್ಲಿ ಆರಂಭವಾದ 3.7 ಕಿಲೋಮೀಟರಿನ ಟ್ರ್ಯಾಕ್ ಇದೆ. ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ವಾರಾಂತ್ಯದಲ್ಲಿ ಮೂರೂ ತಲೆಮಾರು ಅಲ್ಲಿಗೆ ಹೋಗಿ ನೋಡಿ. ಶೋಲಾವರಂ ಕಂಡ ಹಿರಿಯರಿಗೆ ಅಲ್ಲಿ ಹೇಳಲು ಬಹಳಷ್ಟು ಇರುತ್ತದೆ, ಕೇಳುವವರಿಗೂ ಆ ಸದ್ದಿನ ನಡುವೆ ಅದು ಬೇರೆಯಾಗಿ ಕೇಳಿಸುತ್ತದೆ.

ಒರಿಜಿನಲ್ ಉಳಿಸಬೇಕೇ, ಬದಲಿಸಬೇಕೇ

ತಲೆಮಾರುಗಳ ನಡುವೆ ನಿಜವಾದ ಜಗಳ ಹುಟ್ಟುವುದು ಇಲ್ಲಿಯೇ. ಅಲಾಯ್ ಚಕ್ರ, ಅಗಲ ಟೈರು, ಜೋರು ಸೈಲೆನ್ಸರ್ ಎಂದು ಕಿರಿಯರು. ಒಂದು ಸ್ಕ್ರೂ ಕೂಡ ಬದಲಾಗಬಾರದು ಎಂದು ಹಿರಿಯರು. ಮರಳಿ ಮೊದಲಿನಂತೆ ಮಾಡಬಹುದಾದ ಬದಲಾವಣೆಗೆ ಒಪ್ಪಿಗೆ, ಕತ್ತರಿಸಿ ಬೆಸೆಯಬೇಕಾದ ಬದಲಾವಣೆಗೆ ಇಲ್ಲ ಎಂಬ ನಿಯಮವನ್ನು ನಾನು ಸೂಚಿಸುತ್ತೇನೆ. ಕಿಡಿಯ ಕ್ಷಣವನ್ನು ನಿಯಂತ್ರಿಸುವ ಹಳೆಯ ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, ಹೆಡ್‌ಲೈಟಿಗೆ ರಿಲೇ, ಸೀಟ್ ಬೆಲ್ಟ್, ಸರಿಯಾದ ಅಳತೆಯ ರೇಡಿಯಲ್ ಟೈರು ಇವು ಕಾರನ್ನು ಓಡಿಸಲು ಯೋಗ್ಯವಾಗಿಸುತ್ತವೆ. ಬಿಚ್ಚಿದ ಭಾಗಗಳಿಗೆ ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿ ಇಡಿ. ಬಣ್ಣ, ಮೈಯ ಆಕಾರ, ಎಂಜಿನ್ ಮುಟ್ಟಬೇಡಿ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ಕಾಯ್ದೆಯ 52ನೆಯ ಕಲಮು ಹೇಗೂ ತಡೆಯುತ್ತದೆ. ತೀರ್ಮಾನದಲ್ಲಿ ಕಿರಿಯರಿಗೂ ಮತವಿರಲಿ, ಸೀಟಿನ ಬಟ್ಟೆಯನ್ನೋ ಸ್ಟೀರಿಯೊವನ್ನೋ ಪೂರ್ತಿ ಅವರ ಆಯ್ಕೆಗೇ ಬಿಡಿ. ತನ್ನ ಮಾತು ನಡೆಯದ ಕಾರನ್ನು ಯಾವ ಮಗುವೂ ತನ್ನದು ಎಂದುಕೊಳ್ಳುವುದಿಲ್ಲ.

ಕಾಗದಪತ್ರ

ಆಯುಧಪೂಜೆಯ ದಿನ ಮನೆಯ ಗಾಡಿಗಳೆಲ್ಲ ತೊಳೆದು ಹೂ ಮುಡಿದು ನಿಲ್ಲುತ್ತವೆ, ಮನೆಯವರೂ ಎಲ್ಲರೂ ಇರುತ್ತಾರೆ. ಕಾಗದಪತ್ರಗಳ ಫೈಲ್ ತೆರೆಯಲು ಅದೇ ಒಳ್ಳೆಯ ದಿನ. ಕೆಎ ಸರಣಿ ಬರುವ ಮುಂಚಿನ, ಎಂವೈ ಎಂದು ಆರಂಭವಾಗುವ ಸಂಖ್ಯೆಯ ಹಳೆಯ ಆರ್‌ಸಿ ಪುಸ್ತಕ ಇದ್ದರೆ ಅದನ್ನು ಸ್ಕ್ಯಾನ್ ಮಾಡಿಸಿ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆಯೊಂದಿಗೆ ಐದೈದು ವರ್ಷಕ್ಕೆ ನವೀಕರಿಸಬೇಕು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರನ್ನು 2021ರ ನಿಯಮಗಳಂತೆ ವಿಂಟೇಜ್ ವಾಹನವಾಗಿ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ, ಸಂಖ್ಯೆಯಲ್ಲಿ ವಿಎ ಎಂಬ ಗುರುತು. ಆದರೆ ಹಾಗೆ ಮಾಡಿದ ಮೇಲೆ ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವುದು ಇಂಥವಕ್ಕಷ್ಟೇ ಅದನ್ನು ರಸ್ತೆಗೆ ಇಳಿಸಬಹುದು. ಬಿಡದಿಯ ಇಡ್ಲಿಗೆ ಹೋಗುವ ಆಸೆ ಉಳ್ಳವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡು ಹೋಗುವುದು ಉತ್ತಮ ಎಂದು ನನಗೆ ತೋರುತ್ತದೆ. ವಿಮೆಯಲ್ಲಿ ಹಳೆಯ ಕಾರಿನ ಮೌಲ್ಯ ವಿಮೆಗಾರರೂ ಮಾಲೀಕರೂ ಒಪ್ಪಿ ನಿಗದಿಪಡಿಸುವಂಥದು. ಫೋಟೊ, ಬಿಲ್ಲುಗಳನ್ನು ಮುಂದಿಟ್ಟು ಮಾತನಾಡಿ.

ಕೊನೆಯದು ಹೆಚ್ಚಿನ ಮನೆಗಳಲ್ಲಿ ಮುಂದೂಡುತ್ತಲೇ ಹೋಗುವ ಕೆಲಸ. ಆರ್‌ಸಿಯಲ್ಲಿ ನಾಮಿನಿಯ ಹೆಸರು ಸೇರಿಸಲು ಈಗ ಅವಕಾಶವಿದೆ. ತಾತ ಇನ್ನೂ ತಾವೇ ಕಾರು ಓಡಿಸುತ್ತಿರುವಾಗಲೇ, ಮಕ್ಕಳು ಮೊಮ್ಮಕ್ಕಳೆಲ್ಲರ ಎದುರಿನಲ್ಲೇ ಯಾರ ಹೆಸರು ಎಂದು ಕೇಳಿ ಅದನ್ನು ಬರೆಸಿ. ಮಾಲೀಕರು ತೀರಿಕೊಂಡರೆ ಮೂವತ್ತು ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ವರ್ಗಾವಣೆಗೆ ಅರ್ಜಿ ಹಾಕಬೇಕು. ಆ ಫೈಲಿನಲ್ಲಿ ಪ್ಲಗ್ಗುಗಳ ಫೋಟೊ, ಜೆ.ಸಿ. ರಸ್ತೆಯ ಬಿಲ್ಲು, ಬದಲಿಸಿದ ಭಾಗಗಳ ಪಟ್ಟಿಯೂ ಇರಲಿ. ಕಾರು ಯಾರ ಕೈಗೆ ಹೋದರೂ ಮುಂದಿನ ಸರ್ವೀಸಿನಲ್ಲಿ ಮೆಕ್ಯಾನಿಕ್ ಮೊದಲು ಕೇಳುವುದು ಅದನ್ನೇ.